ಮೊದಲು ನೀರು, ಆಮೇಲೆ ಎಂಜಿನ್

ಆಗಸ್ಟ್ 17, ಶನಿವಾರ

ಟೌನೋನ ಹೆಂಡತಿ ಇವತ್ತು ಅವನ ಹಿಮದ ಗಾಡಿ ಸ್ನೋಮೊಬೈಲನ್ನು ಸರೋವರದ ಆಚೆ ದಡದ ಲೆಸ್ ರುವೋನಾನಿಗೆ ಕೊಟ್ಟು, ಬದಲಿಗೆ ಅವನ ಹಳೆಯ ವಾಟರ್ ಸ್ಕೂಟರನ್ನು ತಂದಿದ್ದಾಳೆ. ನನ್ನನ್ನು ಕೇಳಲಿಲ್ಲ. ಕೇಳಲೇಬೇಕೆಂಬ ಕಾನೂನೇನೂ ಇಲ್ಲ, ಗಂಡನ ವಸ್ತು ಹೆಂಡತಿಗೆ ಸೇರಿದ್ದು. ಆದರೆ ಆ ಸ್ನೋಮೊಬೈಲಿನ ಸೀಟಿನಲ್ಲಿ ನನ್ನ ಮಗ ಕೂತು ಕೂತು ಬಿದ್ದ ಗುಳಿ ಇತ್ತು. ಅದರ ಮೇಲೆ ಇನ್ನು ಲೆಸ್ ಕೂರುತ್ತಾನೆ.

ಮಗ ಹೋಗಿ ಏಳು ತಿಂಗಳು. ಜನವರಿಯಲ್ಲಿ ಸತ್ತವನನ್ನು ಮಣ್ಣು ಮಾಡಿದ್ದು ಮೇ ತಿಂಗಳಲ್ಲಿ, ಹೆಪ್ಪುಗಟ್ಟಿದ ನೆಲ ಕರಗಿದ ಮೇಲೆ. ಹಾಗಾಗಿ ನನಗೆ ಅದು ಮೂರೇ ತಿಂಗಳ ಹಿಂದಿನ ಮಾತು.

ಜಗುಲಿಯಿಂದಲೇ ಕೇಳಿದೆ. "ಏನದು?"

"ವಾಟರ್ ಸ್ಕೂಟರ್."

"ಅದು ಕಾಣಿಸ್ತಿದೆ. ಯಾಕೆ ಅಂತ ಕೇಳಿದ್ದು."

"ಜೋರಾಗಿ ಹೋಗೋದಕ್ಕೆ, ಇರ್ಯಾ."

ಹದಿನಾರು ವರ್ಷ ಈ ಇರ್ಯಾ ಮಟ್ಟಿಲಾಳ ಸೊಸೆಯಾಗಿದ್ದಾಳೆ, ಇನ್ನೂ ಪ್ರಶ್ನೆಗೆ ತಕ್ಕ ಉತ್ತರ ಕೊಡಲು ಕಲಿತಿಲ್ಲ. ದೊಡ್ಡ ಸೇತುವೆಯ ಆಚೆಯ, ದಕ್ಷಿಣದ ಹುಡುಗಿ. ಈ ಕಿರುಚುಬುರುಕಿ ಗಾಡಿಗಳು ಹೌಕಿ ಸರೋವರಕ್ಕೆ ಬೇಡವೆಂದು ಇಪ್ಪತ್ತು ವರ್ಷದ ಹಿಂದೆ ಮನೆಮನೆಗೆ ಹೋಗಿ ಸಹಿ ಹಾಕಿಸಿದವಳು ನಾನು. ಈಗ ನನ್ನ ದೋಣಿಕಟ್ಟೆಗೇ ಒಂದನ್ನು ಕಟ್ಟಿದ್ದಾಳೆ. ಸೀಟು ಹರಿದು ಅಂಟುಪಟ್ಟಿ ಸುತ್ತಿದ್ದಾರೆ. ಲೆಸ್ ಯಾವ ವಸ್ತುವನ್ನು ನೆಟ್ಟಗೆ ಇಟ್ಟುಕೊಂಡಿದ್ದ?

ಆಗಸ್ಟ್ 22, ಗುರುವಾರ

ದಿನಾ ಸಂಜೆ ಐದಕ್ಕೆ ಹೊರಡುತ್ತಾಳೆ. ನೇರ ನಡುನೀರಿಗೆ ಹೋಗಿ ಸುತ್ತು ಹಾಕುತ್ತಾಳೆ. ಹಕ್ಕಿಗಳೆಲ್ಲ ಹಾರಿಹೋಗಿವೆ.

ಇವತ್ತು ಮಾತ್ರ ಗಾಡಿ ದಡದ ಹತ್ತಿರದ ಜೊಂಡಿನಲ್ಲಿ ನಿಂತುಬಿಟ್ಟಿತು. ಒಂದು ಗಳಿಗೆ ಸುಮ್ಮನೆ ನೋಡಿದೆ, ಸುಳ್ಳು ಹೇಳುವುದಿಲ್ಲ, ಖುಷಿಯಿಂದಲೇ ನೋಡಿದೆ. ಆಮೇಲೆ ಹುಟ್ಟುದೋಣಿ ಬಿಟ್ಟುಕೊಂಡು ಹೋಗಿ ಹಗ್ಗ ಎಸೆದೆ.

"ಹಾಸ್ಯ ಮಾಡಬೇಡಿ," ಎಂದಳು.

"ನಾನು ಬಾಯೇ ತೆಗೆದಿಲ್ಲ."

"ನಿಮ್ಮ ಮುಖ ಮಾಡ್ತಿದೆ."

ಎಪ್ಪತ್ತೊಂದರ ಮುದುಕಿ ಹುಟ್ಟು ಹಾಕುತ್ತಾ ಆ ಗುಡುಗು ಯಂತ್ರವನ್ನು ಎಳೆದುಕೊಂಡು ಬಂದದ್ದನ್ನು ಸರೋವರದ ಅರ್ಧ ಜನ ನೋಡಿದರು. ಶೆಡ್ಡಿನ ಮುಂದೆ ಓರೆಯಾಗಿಸಿ, ಹೊಟ್ಟೆಯ ಕೆಳಗಿನ ಜಾಲರಿಗೆ ಕೊಕ್ಕೆ ಹಾಕಿ ಎಳೆದೆ. ಒಂದು ಬಕೆಟ್ಟಿನಷ್ಟು ಜೊಂಡು ಬಂತು, ಜೊತೆಗೆ ಯಾರದೋ ಗಾಳದ ದಾರ.

"ಇದು ನೀರು ಕುಡಿದು ನೀರು ಉಗುಳುವ ಪ್ರಾಣಿ. ಜೊಂಡಿನೊಳಗೆ ನುಗ್ಗಿಸಿದರೆ ಗಂಟಲು ಕಟ್ಟುತ್ತೆ," ಎಂದೆ.

"ನಿಮಗೆ ಹೇಗೆ ಗೊತ್ತು?"

ಮಟ್ಟಿಲಾ ಮನೆಯವಳನ್ನು ಕೇಳುವ ಪ್ರಶ್ನೆಯೇ ಇದು! ದೋಣಿಯ ಹಿಂದೆ ಕಟ್ಟುವ ಮೋಟಾರುಗಳನ್ನು ಈ ಶೆಡ್ಡಿನಲ್ಲಿ ನನ್ನ ಗಂಡ ಇವಾರ್ ರಿಪೇರಿ ಮಾಡಿದ, ಅವನ ನಂತರ ಟೌನೋ ಮಾಡಿದ. ನಲವತ್ತು ವರ್ಷ ನಲ್ಲಿಯ ಹತ್ತಿರ ನಿಂತವಳು ನಾನು. ಮೊದಲು ನೀರು, ಆಮೇಲೆ ಎಂಜಿನ್. ಇವಾರ್ ಬೆರಳೆತ್ತುತ್ತಿದ್ದ, ನಾನು ನಲ್ಲಿ ತಿರುಗಿಸಿ ಮೋಟಾರಿಗೆ ನೀರು ಬಿಡುತ್ತಿದ್ದೆ, ಆಮೇಲೆ ಅವನು ಹಗ್ಗ ಎಳೆದು ಮೋಟಾರು ಚಾಲೂ ಮಾಡುತ್ತಿದ್ದ. ನೀರಿಲ್ಲದೆ ಅರ್ಧ ನಿಮಿಷ ಓಡಿದರೆ ಮೋಟಾರು ಒಳಗೇ ಸುಟ್ಟುಹೋಗುತ್ತದೆ. ನನ್ನ ಕೈಯಲ್ಲಿ ಒಂದೂ ಸುಟ್ಟಿಲ್ಲ.

ಸೆಪ್ಟೆಂಬರ್ 2, ಸೋಮವಾರ

ರಜೆ. ಬೇಸಿಗೆಯ ಜನ ಬಾಗಿಲು ಹಾಕಿಕೊಂಡು ಪಟ್ಟಣಗಳಿಗೆ ಹೊರಟರು. ಅವಳು ಕಾಫಿಗೆ ಬಂದಳು. ನಾನು ಕರೆದಿರಲಿಲ್ಲ, ಆದರೆ ಏಲಕ್ಕಿ ಹಾಕಿದ ನಿಸು ಬ್ರೆಡ್ಡು ಬೇಯುವ ವಾಸನೆ ಅವಳ ಮನೆಯವರೆಗೂ ಹೋಗುತ್ತದೆ. ಎರಡು ಮನೆಗಳ ನಡುವೆ ಇರುವುದು ಶೆಡ್ಡೊಂದೇ.

ಲೋಟ ತಿರುಗಿಸುತ್ತಾ ಕೇಳಿದಳು. "ಇರ್ಯಾ, ಆವತ್ತು ಬೆಳಿಗ್ಗೆ ಅವನು ಇಲ್ಲಿಗೆ ಬಂದಿರಲಿಲ್ಲ ಅಲ್ವಾ?"

"ಇಲ್ಲ. ಆಗಲೇ ಹೇಳಿದ್ದೆನಲ್ಲ."

"ಹೌದು, ಹೇಳಿದ್ರಿ." ಲೋಟ ಕೆಳಗಿಟ್ಟಳು. "ಬಚ್ಚಲಿನ ಬಾಗಿಲು ಸರಿಮಾಡಲಿಲ್ಲ ಅಂತ ಜಗಳ ತೆಗೆದಿದ್ದೆ. ನಿಮ್ಮಮ್ಮನ ಹತ್ರಾನೇ ಹೋಗಿ ಕಾಫಿ ಕುಡಿ, ನನ್ನ ಕಣ್ಣೆದುರಿಗೆ ಇರಬೇಡ ಅಂದೆ. ಅವನು ಇಲ್ಲಿಗೂ ಬರದೆ ನೇರ ಶೆಡ್ಡಿಗೆ ಹೋಗಿ... ಅಂದ್ರೆ ಅವನು ಕೊನೆಗೆ ಕೇಳಿದ್ದು ಅದೇ ಮಾತು."

ನಾನು ಬ್ರೆಡ್ಡು ಕೊಯ್ದೆ. ಅವಳಿಗೆ ದೊಡ್ಡ ಹೋಳು ಕೊಟ್ಟೆ.

ಇದನ್ನು ಒಂದೇ ಸಲ ಬರೆಯುತ್ತೇನೆ. ಅವನು ಬಂದಿದ್ದ. ಜನವರಿ 16, ಬೆಳಿಗ್ಗೆ ಏಳಕ್ಕೆ, ಈ ಮೇಜಿಗೇ. ಎಡತೋಳು ನೋಯುತ್ತಿದೆ ಎಂದ. ಮೋಟಾರಿನ ಹಗ್ಗ ಎಳೆದು ಎಳೆದು ಹಿಡಿದುಕೊಂಡಿದೆ, ಸಂಜೆ ಸೌನಾದ ಹಬೆಕೋಣೆ ಕಾಯಿಸುತ್ತೇನೆ, ಬೆವರು ಹರಿದರೆ ಬಿಡುತ್ತದೆ ಎಂದೆ. ಇವಾರ್‌ನ ತೋಳು ನೋಯುತ್ತಿತ್ತು, ಅವನಪ್ಪನ ತೋಳೂ ನೋಯುತ್ತಿತ್ತು. ಎಲ್ಲಕ್ಕೂ ಸೌನಾ ಮದ್ದಾಗಿತ್ತು. ಆದರೆ ಅವರೆಲ್ಲ ಹಗ್ಗ ಎಳೆಯುತ್ತಿದ್ದದ್ದು ಬಲಗೈಯಲ್ಲಿ. ಟೌನೋನೂ ಬಲಗೈಯವನೇ. ಹತ್ತೂವರೆಗೆ ಶೆಡ್ಡಿನಲ್ಲಿ ಹೃದಯ ನಿಂತು ಬಿದ್ದಿದ್ದವನನ್ನು ಅವಳು ನೋಡಿದಳು.

ಮತ್ತೆ ಬರೆಯುವುದಿಲ್ಲ.

ಸೆಪ್ಟೆಂಬರ್ 3, ಮಂಗಳವಾರ

ಮಳೆ. ಕಿಟಕಿ ಒರೆಸಿದೆ.

ಸೆಪ್ಟೆಂಬರ್ 15, ಭಾನುವಾರ

ಗಾಳಿಯೇ ಇರಲಿಲ್ಲ. ಸರೋವರ ತಟ್ಟೆಯಂತೆ ಮಲಗಿತ್ತು. ಸಂಜೆ ಒಗೆದ ಬಟ್ಟೆ ತೆಗೆಯುತ್ತಿದ್ದೆ. ನಡುನೀರಿನಲ್ಲಿ ಸ್ಕೂಟರ್ ಗರ್ಜಿಸುತ್ತಾ ಸುತ್ತುತ್ತಿದ್ದದ್ದು ಇದ್ದಕ್ಕಿದ್ದಂತೆ ನಿಂತುಹೋಯಿತು. ಎಂಜಿನ್ ನಿಂತರೂ ಶಬ್ದ ನಿಲ್ಲಲಿಲ್ಲ. ಮನುಷ್ಯರ ಶಬ್ದ ಅದು. ಒಂದು ಉಸಿರಿನಷ್ಟು ಉದ್ದ ನೀರಿನ ಮೇಲೆ ಜಾರಿಕೊಂಡು ನನ್ನ ಬಟ್ಟೆಯ ಹಗ್ಗದವರೆಗೂ ಬಂತು. ಆಮೇಲೆ ಅವಳಿಗೇ ಗೊತ್ತಾಗಿರಬೇಕು, ಬಾಯಿ ಮುಚ್ಚಿಕೊಂಡಳು.

ಹಾಗಾದರೆ ದಿನಾ ಅಲ್ಲಿಗೆ ಹೋಗುತ್ತಿದ್ದದ್ದು ಅದಕ್ಕೆ. ಎಂಜಿನ್ ಗದ್ದಲದ ಕೆಳಗೆ ಕೂಗಿಕೊಳ್ಳುವುದಕ್ಕೆ.

ಹೇಗೋ ಮತ್ತೆ ಚಾಲೂ ಮಾಡಿಕೊಂಡು ದಡಕ್ಕೆ ಬಂದಾಗ ಕೇಳಿದೆ. "ಯಾಕೆ ನಿಂತಿತು?"

"ಗೊತ್ತಿಲ್ಲ."

ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ನೋಡಿದೆ. ಲೆಸ್ ಯಾವ ಕಾಲದಲ್ಲಿ ಬದಲಿಸಿದ್ದನೋ, ಮಸಿ ಹಿಡಿದು ಕರಕಲಾಗಿದ್ದವು. ಶೆಡ್ಡಿನಲ್ಲಿ ಟೌನೋನ ಡ್ರಾಯರಿನಿಂದ ಹೊಸವನ್ನು ತೆಗೆದು ಹಾಕಿದೆ. ಆ ಡ್ರಾಯರನ್ನು ಜನವರಿಯಿಂದ ಯಾರೂ ತೆರೆದಿರಲಿಲ್ಲ.

"ಇನ್ನು ನಡುವೆ ನಿಲ್ಲಲ್ಲ," ಎಂದೆ.

ಅವಳು ನನ್ನ ಮುಖ ನೋಡಿದಳು. ನಾನು ಸ್ಪ್ಯಾನರ್ ಒರೆಸಿದೆ.

ಅಕ್ಟೋಬರ್ 5, ಶನಿವಾರ

ಚಳಿಗಾಲಕ್ಕೆ ಮರದ ದೋಣಿಕಟ್ಟೆಯನ್ನು ಬಿಚ್ಚಿ ದಡಕ್ಕೆ ಎಳೆದೆವು. ಪ್ರತಿ ವರ್ಷ ನೀರಿಗಿಳಿಯುತ್ತಿದ್ದದ್ದು ಟೌನೋ. ಈ ಸಲ ಲೆಸ್ ಎದೆಮಟ್ಟದ ರಬ್ಬರ್ ಬೂಟು ಹಾಕಿಕೊಂಡು ಇಳಿದ. ಆ ಕಡೆ ಸೊಸೆ ಕೋರಿನ್ ಇಳಿದಳು, ಟೌನೋನ ಬೂಟಿನಲ್ಲೇ. ಅವಳಿಗೆ ಅದು ಕಂಕುಳವರೆಗೂ ಬರುತ್ತಿತ್ತು.

ಮಾಂಸ ತುಂಬಿದ ಪ್ಯಾಸ್ಟಿ ತಿನ್ನುತ್ತಾ ಲೆಸ್ ಅಂದ. "ಸ್ಕೂಟರ್ ನಮ್ಮನೆಗೆ ತಗೊಂಡು ಬಾ ಕೋರಿನ್. ಚಳಿಗಾಲಕ್ಕೆ ತೊಳೆದು ಕಟ್ಟಿ ಇಡೋ ಕೆಲಸ ನಾನೇ ಮಾಡಿಕೊಡ್ತೀನಿ."

"ಮಟ್ಟಿಲಾ ಶೆಡ್ಡಿನ ಮುಂದೆ ನಿಂತಿರೋ ಎಂಜಿನ್ನು ರುವೋನಾ ಮನೆಗೆ ಹೋಗಲ್ಲ," ಎಂದೆ.

"ಏ ಇರ್ಯಾ, ಅದು ದೋಣಿ ಮೋಟಾರಲ್ಲ ಕಣೇ."

"ಎಂಜಿನ್ನು ಎಂಜಿನ್ನೇ. ಶಾಲೇಲಿ ನನ್ನ ಸ್ಲೇಟು ನೋಡಿಕೊಂಡು ಲೆಕ್ಕ ಬರೀತಿದ್ದವನು ನೀನು, ನನಗೆ ಕಲಿಸಬೇಡ."

"ಅರವತ್ತು ವರ್ಷ ಆಯ್ತು, ಇನ್ನೂ ಬಿಟ್ಟಿಲ್ಲ ಇವಳು," ಎಂದು ಕೋರಿನ್ ಕಡೆ ನೋಡಿ ನಕ್ಕ. "ಆಯ್ತಮ್ಮ, ಮಾಡು. ಪುಸ್ತಕ ಸೀಟಿನ ಕೆಳಗಿದೆ. ಓದ್ಕೊಂಡು ಮಾಡು."

ಲೆಸ್ ಹೋದ ಮೇಲೆ ಕೋರಿನ್ ಹೇಳಿದಳು: ದಕ್ಷಿಣದ ಸ್ಯಾಗಿನಾ ಪಟ್ಟಣದಲ್ಲಿ ಅವಳ ಅಕ್ಕ ಇದ್ದಾಳಂತೆ. ಶಾಲೆಯ ಅಡುಗೆಮನೆಯ ಕೆಲಸ ಬಿಟ್ಟು ಅಲ್ಲಿಗೆ ಹೋಗಿಬಿಡೋಣ ಎಂದು ಯೋಚಿಸುತ್ತಿದ್ದಾಳಂತೆ. ಹಿಮ ಬೀಳುವುದರೊಳಗೆ ತೀರ್ಮಾನ ಮಾಡುತ್ತಾಳಂತೆ.

"ನಿನ್ನ ಇಷ್ಟ," ಎಂದೆ.

ಮಕ್ಕಳಿದ್ದಿದ್ದರೆ ಬೇರೆ ಮಾತು. ನಮ್ಮಿಬ್ಬರ ನಡುವೆ ಇದ್ದವನು ಅವನೊಬ್ಬನೇ.

ಅಕ್ಟೋಬರ್ 12, ಶನಿವಾರ

ಸ್ಕೂಟರಿನ ಕೆಲಸ. ಕೋರಿನ್ ಪಟ್ಟಣಕ್ಕೆ ಹೋಗಿದ್ದಳು. ಬೆಳಿಗ್ಗೆಯ ಹುಲ್ಲಿನ ಮೇಲೆ ಹಿಮಬೆಳ್ಳಿ ಕಟ್ಟಿತ್ತು. ಟ್ಯಾಂಕು ಭರ್ತಿ ಮಾಡಿ, ಪೆಟ್ರೋಲು ಕೆಡದಂತೆ ಔಷಧಿ ಬೆರೆಸಿದೆ. ಚಳಿಗೆ ಹೆಪ್ಪುಗಟ್ಟದ ಗುಲಾಬಿ ದ್ರವದ ಎರಡು ಕ್ಯಾನು ಪಕ್ಕಕ್ಕಿಟ್ಟುಕೊಂಡೆ. ಎಂಜಿನ್ನಿನ ಒಳಗೆ ಸಿಂಪಡಿಸುವ ಎಣ್ಣೆ ತಂದಿಟ್ಟೆ. ಇಲಿ ನುಗ್ಗದಂತೆ ಹೊಗೆಯ ಬಾಯಿಗೆ ತುರುಕಲು ಪಾತ್ರೆ ತಿಕ್ಕುವ ಸ್ಟೀಲಿನ ಜುಂಗೂ ಸಿದ್ಧವಿತ್ತು. ಪುಸ್ತಕ ಓದಲಿಲ್ಲ.

ಮೊದಲು ಒಳಗಿನ ಕೊಳೆ ತೊಳೆಯಬೇಕು. ಪೈಪು ಸಿಕ್ಕಿಸಿ ನಲ್ಲಿ ತಿರುಗಿಸಿದೆ. ಇವಾರ್ ಹೇಳಿಕೊಟ್ಟಂತೆ ನೂರು ಎಣಿಸಿದೆ. ದೋಣಿ ಮೋಟಾರಾದರೆ ಪಕ್ಕದಿಂದ ನೀರು ಚಿಮ್ಮುತ್ತದೆ. ಇದರಲ್ಲಿ ತುಸು ಸೋರಿತು ಅಷ್ಟೆ. ದೊಡ್ಡ ಹೊಟ್ಟೆ, ತುಂಬಲಿ ಎಂದು ಇನ್ನೂ ನೂರು ಎಣಿಸಿದೆ. ಆಮೇಲೆ ಗುಂಡಿ ಒತ್ತಿದೆ.

ಟಕ್ ಎಂದಿತು.

ಮತ್ತೆ ಒತ್ತಿದೆ. ಟಕ್. ಒಳಗೆ ಯಾರೋ ಕೈ ಅಡ್ಡ ಹಿಡಿದ ಹಾಗೆ. ಎಂಟು ಹತ್ತು ಸಲ ಒತ್ತಿರಬೇಕು. ಬ್ಯಾಟರಿ ಸತ್ತಿರಬಹುದು ಅಂದುಕೊಂಡೆ. ಬ್ಯಾಟರಿ ಚೆನ್ನಾಗಿಯೇ ಇತ್ತು.

ನಲ್ಲಿ ನಿಲ್ಲಿಸಿದೆ. ಟಾರ್ಪಾಲು ಹೊದಿಸಿ, ನಾಲ್ಕು ಮೂಲೆಗೂ ಹಗ್ಗ ಬಿಗಿದೆ.

ಸಂಜೆ ಕೋರಿನ್ ಕೇಳಿದಳು. "ಮುಗೀತಾ?"

"ಮುಗೀತು."

ಅಕ್ಟೋಬರ್ 13, ಭಾನುವಾರ

ಬರೆಯುವಂಥದ್ದು ಏನೂ ಇಲ್ಲ.

ಅಕ್ಟೋಬರ್ 20, ಭಾನುವಾರ

ಟಾರ್ಪಾಲು ಸರಿಸಿ ಪುಸ್ತಕ ತೆಗೆದೆ. ಹದಿನೆಂಟನೇ ಪುಟದಲ್ಲಿ ದಪ್ಪ ಅಕ್ಷರದಲ್ಲಿದೆ: ಮೊದಲು ಎಂಜಿನ್ ಚಾಲೂ ಮಾಡಬೇಕು, ಆಮೇಲೆ ನೀರು ಬಿಡಬೇಕು. ನಿಲ್ಲಿಸುವಾಗ ಮೊದಲು ನೀರು, ಆಮೇಲೆ ಎಂಜಿನ್. ಓಡುವ ಎಂಜಿನ್ನಿನ ಹೊಗೆಯೇ ನೀರನ್ನು ಹೊರಗೆ ನೂಕುವುದಂತೆ. ಓಡದಿದ್ದರೆ ನೀರು ಹಿಂದಕ್ಕೆ ಹರಿದು ಎಂಜಿನ್ನಿನ ಹೃದಯಕ್ಕೇ ನುಗ್ಗುವುದಂತೆ.

ನಲವತ್ತು ವರ್ಷ ನಾನು ಸರಿಯಾಗಿ ಮಾಡಿದ ಕೆಲಸವೇ ಇಲ್ಲಿ ತಪ್ಪು.

ಪುಸ್ತಕವನ್ನು ಮೊದಲಿದ್ದ ಜಾಗದಲ್ಲೇ ಇಟ್ಟೆ.

ಮಧ್ಯಾಹ್ನ ಕೋರಿನ್ ಸೇಬಿನ ಪೈ ತಂದಳು. ತಳ ಸ್ವಲ್ಪ ಸೀದಿತ್ತು. "ಸ್ಕೂಟರ್ ಕೆಲಸಕ್ಕೆ," ಎಂದಳು. "ಟೌನೋ ಇದ್ದಿದ್ರೆ ಹೀಗೇ ಹಗ್ಗ ಬಿಗೀತಿದ್ದ. ನಿನ್ನೆ ಆ ಗಂಟು ನೋಡಿ ಒಂದು ನಿಮಿಷ ಅವನೇ ಕಟ್ಟಿದ್ದಾನೆ ಅನ್ನಿಸಿಬಿಡ್ತು."

"ಅವನಿಗೆ ಕಲಿಸಿದ್ದೇ ನಾನು."

"ಗೊತ್ತು." ಆಮೇಲೆ ಅಂದಳು. "ಸ್ಯಾಗಿನಾಗೆ ಹೋದರೂ ಅದು ಇಲ್ಲೇ ಇರಲಿ. ಅದು ಇದ್ರೆ ಬೇಸಿಗೇಲಿ ನಾನು ಬರಲೇಬೇಕಲ್ಲ."

ಪೈ ಪೂರ್ತಿ ತಿಂದೆ. ಸೀದದ್ದನ್ನೂ ತಿಂದೆ.

ಅಕ್ಟೋಬರ್ 27, ಭಾನುವಾರ

ಚರ್ಚಿನ ಕಾಫಿಯಲ್ಲಿ ಲೆಸ್ ಪಕ್ಕದಲ್ಲಿ ಕುಳಿತ. ಬೇರೆಯವರ ವಿಷಯ ಎಂಬಂತೆ ಕೇಳಿದೆ, ಇಂಥ ಗಾಡಿಯೊಳಗೆ ನೀರು ನುಗ್ಗಿದರೆ ಏನು ಮಾಡುತ್ತಾರೆ ಎಂದು.

"ಅದೇ ದಿನ ಹೇಳಿದ್ರೆ ಏನೂ ಇಲ್ಲ," ಎಂದ. "ಪ್ಲಗ್ಗು ಬಿಚ್ಚೋದು, ನೀರು ಉಗುಳಿಸೋದು, ಎಣ್ಣೆ ಬಿಡೋದು. ಒಂದು ಗಂಟೆ ಕೆಲಸ. ಆದರೆ ಯಾರೂ ಹೇಳಲ್ಲ ಇರ್ಯಾ. ನಾಚಿಕೆ. ಮೇಲೆ ಬಟ್ಟೆ ಮುಚ್ಚಿ ಸುಮ್ನೆ ಇದ್ದುಬಿಡ್ತಾರೆ. ಎರಡು ವಾರ ಆದ್ಮೇಲೆ ತರ್ತಾರೆ. ಒಳಗೆಲ್ಲ ತುಕ್ಕು, ಕಲ್ಲಾಗಿ ಕೂತಿರುತ್ತೆ. ಎಂಜಿನ್ನು ಸಾಯೋದು ನೀರಿನಿಂದ ಅಲ್ಲ, ಹೇಳದೇ ಇರೋದರಿಂದ."

ನನ್ನ ಮುಖ ನೋಡಲಿಲ್ಲ. ಅಷ್ಟರಮಟ್ಟಿಗೆ ಒಳ್ಳೆಯವನು. ಸಕ್ಕರೆ ಡಬ್ಬಿ ನನ್ನ ಕಡೆ ಸರಿಸಿ ಎದ್ದುಹೋದ.

ಹದಿನೈದು ದಿನ ಆಗಿದೆ. ಇನ್ನೊಂದಕ್ಕೆ ಹತ್ತು ತಿಂಗಳಾಗುತ್ತಾ ಬಂತು.

ನವೆಂಬರ್ 3, ಭಾನುವಾರ

ಬೆಳಿಗ್ಗೆ ಕೋರಿನ್ ಮನೆಯ ಬಾಗಿಲು ತಟ್ಟಿದೆ. ಹದಿನಾರು ವರ್ಷದಲ್ಲಿ ನಾನಾಗಿ ಹೋಗಿ ತಟ್ಟಿದ್ದು ಎಷ್ಟು ಸಲವೋ, ಕೈಬೆರಳಲ್ಲಿ ಎಣಿಸಬಹುದು. ಬಾಗಿಲು ತೆರೆದವಳೇ, "ಯಾರಿಗೆ ಏನಾಯ್ತು?" ಎಂದಳು.

ನಿಂತುಕೊಂಡೇ ಹೇಳಿದೆ. ನೀರು ಮೊದಲು ಬಿಟ್ಟೆ, ಎಂಜಿನ್ ಮುಳುಗಿಸಿದೆ, ಗೊತ್ತಾದ ಮೇಲೂ ಮುಚ್ಚಿಟ್ಟೆ, ಈಗ ಅದು ಕೆಟ್ಟುಹೋಗಿದೆ ಎಂದು.

ಅವಳು ಕೂಗಾಡಿದ್ದರೆ ನಾನು ಅಷ್ಟಕ್ಕೇ ನಿಲ್ಲಿಸಿ ಮನೆಗೆ ಬರುತ್ತಿದ್ದೆ. ಕೂಗಾಡಲಿಲ್ಲ, ನಕ್ಕಳು. ಕುರ್ಚಿ ಎಳೆದು ನನ್ನನ್ನು ಕೂರಿಸಿದಳು. "ಇಷ್ಟೇನಾ? ಇಷ್ಟಕ್ಕೆ ಮುಖ ಹೀಗೆ ಬಿಳುಚಿಕೊಂಡು ಬಂದ್ರಾ? ಯಂತ್ರ ತಾನೇ, ಹೋಗ್ಲಿ ಬಿಡಿ. ನೀವಾಗೇ ಬಂದು ಹೇಳಿದ್ರಲ್ಲ, ನನಗೆ ಅದೇ ದೊಡ್ಡದು."

ನನ್ನ ಭುಜದ ಮೇಲೆ ಕೈ ಇಟ್ಟಳು. ಆ ಕೈಯನ್ನು ಹೊತ್ತುಕೊಂಡು ಕೂರಲು ನನ್ನಿಂದ ಆಗಲಿಲ್ಲ.

"ಅವನು ಬಂದಿದ್ದ," ಎಂದೆ.

"ಯಾರು?"

"ಆವತ್ತು ಬೆಳಿಗ್ಗೆ. ನನ್ನ ಅಡುಗೆಮನೆಗೆ ಬಂದಿದ್ದ. ಎಡತೋಳು ನೋಯುತ್ತೆ ಅಂದ. ಸೌನಾ ಕಾಯಿಸ್ತೀನಿ ಅಂದೆ. ಬಂದಿರಲಿಲ್ಲ ಅಂತ ನಿನಗೆ ಸುಳ್ಳು ಹೇಳಿದೆ."

ಕೈ ಭುಜದಿಂದ ಹೋಯಿತು. ಕೋರಿನ್ ಒಲೆಯ ಹತ್ತಿರ ಹೋಗಿ ನನಗೆ ಬೆನ್ನು ಮಾಡಿ ನಿಂತಳು.

"ಆಸ್ಪತ್ರೆ ಇಪ್ಪತ್ತು ನಿಮಿಷದ ದಾರಿ," ಎಂದಳು.

"ಹೌದು."

"ಏಳು ಗಂಟೆಗೆ. ಮೂರೂವರೆ ಗಂಟೆ ಇತ್ತು."

"ಹೌದು."

"ಹತ್ತು ತಿಂಗಳು. ನನ್ನ ಮಾತಿಗೇ ಎದೆ ಒಡೆದು ಸತ್ತ ಅಂತ ಹತ್ತು ತಿಂಗಳು... ನೀವು ಎದುರಿಗೆ ಕೂತು ನನಗೆ ಬ್ರೆಡ್ಡು ಕೊಯ್ದು ಕೊಡ್ತಿದ್ರಿ."

"ಹೌದು."

"ಹೋಗಿ ಇರ್ಯಾ. ದಯವಿಟ್ಟು ಹೋಗಿ."

ಬಂದೆ.

ನವೆಂಬರ್ 4, ಸೋಮವಾರ

ಹೊರಗೆ ಹೋಗಲಿಲ್ಲ.

ನವೆಂಬರ್ 6, ಬುಧವಾರ

ಕೋರಿನ್ ಕಾರಿಗೆ ಸಾಮಾನು ತುಂಬಿದಳು. ನಾನು ಜಗುಲಿಯಲ್ಲಿ ನಿಂತೆ. ಸಹಾಯಕ್ಕೆ ಹೋಗುವ ಹಕ್ಕು ಇದೆಯೋ ಇಲ್ಲವೋ ತಿಳಿಯಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುವುದಕ್ಕೂ ಮನಸ್ಸು ಬರಲಿಲ್ಲ. ತಣ್ಣನೆಯ ಗಾಳಿಯಲ್ಲಿ ಸ್ವೆಟರಿಲ್ಲದೆ ಒಂದು ಗಂಟೆ ನಿಂತಿದ್ದೆ.

ಕೊನೆಗೆ ಅವಳೇ ಮೆಟ್ಟಿಲ ಕೆಳಗೆ ಬಂದಳು.

"ನಿಮ್ಮನ್ನ ಕ್ಷಮಿಸೋಕೆ ನನ್ನಿಂದ ಆಗಲ್ಲ. ಮುಂದೆ ಆಗುತ್ತೆ ಅಂತಲೂ ಹೇಳಲ್ಲ."

"ಕೇಳೋಕೆ ನಾನೂ ನಿಂತಿಲ್ಲ."

"ನೀವು ಕೇಳಲ್ಲ, ಗೊತ್ತು." ಕೈಚೀಲದ ಪಟ್ಟಿ ಸರಿಮಾಡಿಕೊಂಡಳು. "ಆದರೆ ನಿನ್ನೆ ರಾತ್ರಿ ಬೆಳಗಿನ ತನಕ ನಿದ್ದೆ ಮಾಡಿದೆ. ಜನವರಿಯಿಂದ ಇದೇ ಮೊದಲು. ಅದನ್ನ ಹೇಳದೇ ಹೋದ್ರೆ ನಾನೂ ನಿಮ್ಮ ಹಾಗೇ ಆಗ್ತೀನಿ."

ಕಾರು ತಿರುವಿನಲ್ಲಿ ಮರೆಯಾಯಿತು. ಮೂರು ಜನರಿದ್ದ ಅಂಗಳ ಇದು.

ನವೆಂಬರ್ 9, ಶನಿವಾರ

ಲೆಸ್ ಬಂದು ಎಂಜಿನ್ ಬಿಚ್ಚಿದ. ಅವನಿಗೆ ನಾನು ಟಾರ್ಚ್ ಹಿಡಿದೆ. ಒಳಗೆಲ್ಲ ಕೆಂಪಗೆ ತುಕ್ಕು. ಸ್ಪ್ಯಾನರ್ ಹಾಕಿ ತಿರುಗಿಸಲು ನೋಡಿದ, ಅಲುಗಲಿಲ್ಲ.

"ಹೋಯ್ತು ಕಣೇ," ಎಂದ.

"ಬೇರೆ ಎಂಜಿನ್ ಕೂರಿಸಬಹುದಾ?"

"ಕೂರಿಸಬಹುದು. ಎಲ್ಲಾದ್ರೂ ಹಳೇದು ಸಿಕ್ಕರೆ. ಯಾಕೆ? ನೀನು ಓಡಿಸ್ತೀಯಾ?"

"ನನ್ನದಲ್ಲ ಅದು. ಕೋರಿನ್‌ದು. ಹುಡುಕು."

"ಅವಳು ಬರ್ತಾಳಾ?"

"ಹುಡುಕು ಅಂದೆ."

ಹೇಗೆ ತೊಳೆಯಬೇಕು, ಯಾವುದು ಮೊದಲು, ಯಾವುದು ಆಮೇಲೆ, ಇನ್ನೊಮ್ಮೆ ಸರಿಯಾಗಿ ಹೇಳಿಕೊಡು ಎಂದೆ. ಲೆಸ್ ನನ್ನನ್ನು ಒಂದು ಗಳಿಗೆ ನೋಡಿ, ಜೋಕು ಮಾಡದೆ, ಮೊದಲಿನಿಂದ ಹೇಳಿಕೊಟ್ಟ.

ನವೆಂಬರ್ 17, ಭಾನುವಾರ

ಸಂಜೆ ನಾಲ್ಕಕ್ಕೆ ಫೋನು ಬಂತು. ಕೋರಿನ್. ಹೇಗಿದ್ದೀರಿ ಎಂದು ಕೇಳಲಿಲ್ಲ. ನಾನೂ ಕೇಳಲಿಲ್ಲ.

"ಅವನು ಏನು ಹಾಕ್ಕೊಂಡಿದ್ದ?" ಎಂದಳು.

ನನಗೆ ತಕ್ಷಣ ಅರ್ಥವಾಯಿತು. "ಚೌಕಳಿ ಉಣ್ಣೆ ಕೋಟು. ಮೇಲಿಂದ ಎರಡನೇ ಗುಂಡಿ ಇರಲಿಲ್ಲ."

"ಎಲ್ಲಿ ಕೂತಿದ್ದ?"

"ಕಿಟಕಿ ಕಡೆ. ಬ್ರೆಡ್ಡಿನ ತುದಿ ಹೋಳು ಕೇಳಿ ತಗೊಂಡ. ಕಾಫಿಯಲ್ಲಿ ಅದ್ದಿ ತಿಂದ. ಎರಡನೇ ಲೋಟ ಅರ್ಧ ಬಿಟ್ಟ."

"ಕೋಪದಲ್ಲಿದ್ದನಾ?"

"ಇಲ್ಲ."

"ಸುಳ್ಳು ಹೇಳಬೇಡಿ ಇರ್ಯಾ."

"ಇಲ್ಲ ಮಗಳೇ. ನಗ್ತಾ ಬಂದ. 'ಕೋರಿನ್ ಇವತ್ತು ಕೆಂಡ ಆಗಿದ್ದಾಳೆ ಅಮ್ಮ, ತಪ್ಪು ನಂದೇ, ಮೂರು ವಾರದಿಂದ ಆ ಬಾಗಿಲು ಹಾಗೇ ಇದೆ' ಅಂದ. ಮಧ್ಯಾಹ್ನ ಹೋಗಿ ಸರಿಮಾಡ್ತೀನಿ ಅಂದ. ಬಾಗಿಲಿಗೆ ಬೇಕು ಅಂತ ನನ್ನ ಡಬ್ಬಿಯಿಂದ ನಾಲ್ಕು ಸ್ಕ್ರೂ ಆರಿಸಿ ಜೇಬಿಗೆ ಹಾಕ್ಕೊಂಡ."

ಫೋನು ಹಿಡಿದುಕೊಂಡೇ ಕಿಟಕಿ ಕಡೆಯ ಆ ಕುರ್ಚಿಯಲ್ಲಿ ಕೂತೆ.

ಆ ಬೆಳಗನ್ನು ಬಚ್ಚಿಡುವಾಗ ನಾನು ನನ್ನ ತಪ್ಪನ್ನಷ್ಟೇ ಬಚ್ಚಿಡುತ್ತಿದ್ದೇನೆ ಅಂದುಕೊಂಡಿದ್ದೆ. ಅದರೊಳಗೆ ಅವಳಿಗೆ ಸೇರಬೇಕಾದ್ದೂ ಇತ್ತು. ಅದು ಇದ್ದದ್ದೇ ನನಗೆ ಗೊತ್ತಿರಲಿಲ್ಲ.

"ಕೋಟಿನ ಜೇಬಲ್ಲಿ ಸ್ಕ್ರೂ ಸಿಕ್ಕಿತ್ತು ನನಗೆ," ಎಂದಳು ಕೋರಿನ್. "ಯಾವುದೋ ಮೋಟಾರಿಂದು ಅಂದ್ಕೊಂಡು ಡಬ್ಬಕ್ಕೆ ಹಾಕಿಬಿಟ್ಟೆ."

"ಬಾಗಿಲಿಂದು."

"ಅವನು ಏನಂದ? ಹಾಗೇ ಹೇಳಿ, ಅವನ ಮಾತಲ್ಲೇ."

ಹೇಳಿದೆ.

"ಇನ್ನೊಂದು ಸಲ."

ಮತ್ತೆ ಹೇಳಿದೆ. ಅವಳು ಅಳುತ್ತಿದ್ದಳು, ಮುಚ್ಚಿಕೊಳ್ಳದೆ, ದೊಡ್ಡದಾಗಿ. ಮೂರನೆಯ ಸಲ 'ತಪ್ಪು ನಂದೇ' ಎಂಬಲ್ಲಿಗೆ ಬಂದು ನಿಂತುಹೋದೆ, ಮುಂದಿನ ಮಾತನ್ನು ಅವಳೇ ಹೇಳಿ ಮುಗಿಸಿದಳು.